ಮೂರು ಸಾವಿರದ ನಾನೂರು ಕಿಲೋ

೨೦೧೮ರ ನವೆಂಬರ್ ೧೩, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ, ತನ್ನ ಅರವತ್ತೊಂದು ವರ್ಷದ ಬಾಳಿನಲ್ಲಿ ಮೊದಲ ಸಲ, ಅವನು ಒಂದು ಅಂಕಿಯನ್ನು ಬೇಕೆಂದೇ ತಪ್ಪಾಗಿ ಹೇಳಿದ.

"ಮೂರು ಸಾವಿರದ ನಾನೂರು ಕಿಲೋ," ಎಂದ ಫೋನಿನಲ್ಲಿ.

ಆ ಕಡೆ ತಮ್ಮ ಬಗ್ಗಿ ಶೂ ಕಟ್ಟಿಕೊಳ್ಳುತ್ತಿದ್ದನೇನೋ, ಏದುಸಿರು ಕೇಳಿಸುತ್ತಿತ್ತು. ಅದು ನಿಂತಿತು. "ಎಷ್ಟೂ?"

"ಮೂರು ಸಾವಿರದ ನಾನೂರು."

"ಅಣ್ಣಾ, ಹೋದ ವರ್ಷ ಸಾವಿರದ ಒಂಬೈನೂರು ಚಿಲ್ಲರೆ ಬಂತಲ್ಲ. ನಿನ್ನ ಆ ಕಡಲ ಕಷಾಯ ಕುಡಿದು ಮರಗಳು ಶಿಸ್ತಿಗೆ ಬಂದಿವೆ, ಇನ್ನು ವರ್ಷಾ ವರ್ಷಾ ಇಷ್ಟೇ ಅಂತ ನೀನೇ ಅಂದಿದ್ದೆ."

"ಮರ ಕಣೋ. ಗಡಿಯಾರ ಅಲ್ಲ."

ತಮ್ಮ ನಕ್ಕ. "ಆಯ್ತಪ್ಪ. ನೀನು ಹೇಳಿದ ಮೇಲೆ ಮುಗೀತು. ಎಂಟು ದಿನ ರಜಾ ಹಾಕ್ತೀನಿ. ಇವಳಿಗೂ ಹೇಳ್ತೀನಿ, ಮಗಳಿಗೂ ಅಳಿಯನಿಗೂ ಹೇಳ್ತೀನಿ. ಕ್ರೇಟು ಎಷ್ಟು ತರ್ಲಿ?"

"ನೂರ ಎಪ್ಪತ್ತು."

ಕ್ರೇಟಿಗೆ ಇಪ್ಪತ್ತು ಕಿಲೋ. ಭಾಗಾಕಾರ ಸರಿಯಾಗಿಯೇ ಇತ್ತು. ಸುಳ್ಳಿನ ಮೇಲೆ ಕಟ್ಟಿದ ಲೆಕ್ಕವೂ ಇಷ್ಟು ಸಲೀಸಾಗಿ ಸರಿಬರುತ್ತದೆ ಎಂಬುದು ಅವನಿಗೆ ಅಂದು ಗೊತ್ತಾದ ಹೊಸ ವಿಷಯ. ಫೋನಿಟ್ಟು ಮೇಜಿನ ಮೇಲಿದ್ದ ನೋಟುಬುಕ್ಕನ್ನು ನೋಡಿದ. ಅರ್ಧ ಮೀಟರು ಅಳತೆಯ ಮರದ ಚೌಕಟ್ಟನ್ನು ಪ್ರತಿ ಮರದ ನಾಲ್ಕು ದಿಕ್ಕಿಗೂ ಹಿಡಿದು, ಒಳಗೆ ಕಂಡ ಕಾಯಿಗಳನ್ನು ಎಣಿಸಿ, ಹತ್ತು ದಿನ ಕತ್ತು ನೋಯಿಸಿಕೊಂಡು ತೆಗೆದ ಅಂದಾಜು ಅಲ್ಲಿತ್ತು: ೧,೮೪೦. ಪುಟದ ಮೇಲೆ ಒಂದು ತಟ್ಟೆ ಬೋರಲು ಹಾಕಿ ಹೊರಗೆ ಹೋದ.

ಅವನು ಇಪ್ಪತ್ತಾರು ವರ್ಷ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದವನು. ಅಲ್ಲಿಯವರು ಇಟ್ಟ ಅಡ್ಡಹೆಸರು ದಶಮಾಂಶ. ಗಂಟೆ ಎಷ್ಟಾಯಿತು ಎಂದರೂ ಚುಕ್ಕಿ ಇಟ್ಟು ಎರಡು ಅಂಕಿ ಮುಂದೆ ಹೋಗಿ ಹೇಳುತ್ತಾನೆ ಎಂದು ತಮಾಷೆ ಮಾಡುತ್ತಿದ್ದರು. ಮದುವೆ ಒಂದೆರಡು ಸಲ ಕೂಡಿಬರಲಿಲ್ಲ, ಆಮೇಲೆ ವಯಸ್ಸು ಕೂಡಿಬರಲಿಲ್ಲ. ಅವಧಿಗೆ ಮುಂಚೆಯೇ ಕೆಲಸ ಬಿಟ್ಟು, ತನಗೂ ತಮ್ಮನಿಗೂ ಸೇರಿದ ಅರವತ್ತನಾಲ್ಕು ಕಿತ್ತಳೆ ಮರಗಳ ನಡುವೆ, ಎರಡು ಕೋಣೆ ಮತ್ತೊಂದು ಉದ್ದನೆಯ ಶೆಡ್ಡಿನಲ್ಲಿ ಬಂದು ನೆಲೆಸಿದ. ತಮ್ಮ ಬಂದರಿನ ಗೋದಾಮೊಂದರಲ್ಲಿ ಮೇಲ್ವಿಚಾರಕ. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

ಕಿತ್ತಳೆ ಮರಕ್ಕೊಂದು ಹಳೆಯ ಚಾಳಿ. ಒಂದು ವರ್ಷ ಕೊಂಬೆ ಮುರಿಯುವಷ್ಟು ಕಾಯಿ ಬಿಡುತ್ತದೆ. ಇದ್ದುದನ್ನೆಲ್ಲ ಆ ಕಾಯಿಗೇ ಸುರಿದುಬಿಟ್ಟ ಮೇಲೆ, ಮುಂದಿನ ವರ್ಷದ ಮೊಗ್ಗು ಮೂಡುವ ಹೊತ್ತಿಗೆ ಅದರ ಕೈ ಬರಿದು. ಸಾಲದ್ದಕ್ಕೆ ಕೊಂಬೆಯಲ್ಲಿರುವ ಕಾಯಿಯೇ ಬರಲಿರುವ ಮೊಗ್ಗಿಗೆ ಅಡ್ಡಗಾಲು ಹಾಕುತ್ತದೆ. ಹಾಗಾಗಿ ಮರುವರ್ಷ ಮರ ಸುಮ್ಮನೆ ಹಸಿರಾಗಿ ನಿಂತಿರುತ್ತದೆ. ಒಂದು ವರ್ಷ ಊರಿಗೆಲ್ಲ ಹಂಚುವಷ್ಟು, ಇನ್ನೊಂದು ವರ್ಷ ಅಳಿಲಿಗೂ ಸಾಲದಷ್ಟು.

ಆ ಮನೆತನಕ್ಕೂ ಒಂದು ಚಾಳಿಯಿತ್ತು. ಅಲ್ಲಿ ಯಾರೂ ಯಾರನ್ನೂ 'ಬಾ' ಎಂದು ಕರೆದವರಲ್ಲ. ಅಪ್ಪ ಬದುಕಿದ್ದಾಗ, "ಕಾಯಿ ಬಲಿತಿದೆ" ಎಂದು ಹೇಳಿ ಕಳುಹಿಸುತ್ತಿದ್ದ; ಅಷ್ಟಕ್ಕೇ ಎಲ್ಲರೂ ಬಂದು ಸೇರುತ್ತಿದ್ದರು. ಕೆಲಸಕ್ಕೆ ಕರೆಯಬಹುದು, ಬರಿದೇ ಕರೆಯುವುದು ಸಂಕೋಚದ ಮಾತು. ಬರುವವರಿಗೂ ಅಷ್ಟೇ, ಕೈಗೊಂದು ಕತ್ತರಿಯಿಲ್ಲದೆ ಬಂದು ಕೂತರೆ ಬಿಟ್ಟಿ ಕೂತಂತೆ. ಹೀಗಾಗಿ ಮರ ಕಾಯಿ ಬಿಟ್ಟ ವರ್ಷ ತಮ್ಮನ ಸಂಸಾರ ಎಂಟು ದಿನ ಶೆಡ್ಡಿನಲ್ಲಿ ಚಾಪೆ ಹಾಸಿ ಮಲಗುತ್ತಿತ್ತು. ಮರ ಬಿಡುವು ತೆಗೆದುಕೊಂಡ ವರ್ಷ ತಮ್ಮನ ಸಂಸಾರವೂ ಬಿಡುವು ತೆಗೆದುಕೊಳ್ಳುತ್ತಿತ್ತು.

ದಶಮಾಂಶ ವಿಜ್ಞಾನ ಓದಿದವನು. ಕಾಯಿ ಇದ್ದರೆ ಜನ, ಕಾಯಿ ಇಲ್ಲದಿದ್ದರೆ ಜನವಿಲ್ಲ. ಪ್ರತಿ ವರ್ಷ ಕಾಯಿ ಬಂದರೆ ಪ್ರತಿ ವರ್ಷ ಜನ. ಎಲ್ಲೂ ಬರೆದಿಡದಿದ್ದರೂ ಇದು ಅವನ ಪ್ರಯೋಗದ ಊಹೆಯಾಗಿತ್ತು. ಕಡಲಕಳೆಯ ಸಾರದಿಂದ ಹಣ್ಣಿನ ಮರಗಳ ಏರಿಳಿತ ತಗ್ಗುತ್ತದೆಂದು ಒಂದು ಪತ್ರಿಕೆಯಲ್ಲಿ ಓದಿ, ಐದು ಲೀಟರಿನ ಕ್ಯಾನೊಂದನ್ನು ತರಿಸಿದ. ಗಾಢ ಕಂದು ಬಣ್ಣದ ದ್ರವ. ಮುಚ್ಚಳ ತೆಗೆದರೆ ಇಳಿತದ ಹೊತ್ತಿನ ಕಡಲ ದಂಡೆಯ ವಾಸನೆ. ಲೀಟರು ನೀರಿಗೆ ಮೂರು ಮಿಲಿಲೀಟರು, ಮರಕ್ಕೆ ಏಳು ಲೀಟರು, ವರ್ಷಕ್ಕೆ ಮೂರು ಸಲ: ಹೂವಿಗೆ ಮೊದಲು, ಮಿಡಿ ಕಚ್ಚಿದಾಗ, ಮತ್ತೆ ಕೊಯ್ಲು ಮುಗಿದ ಮೇಲೆ. ಎಂಟು ಮರಗಳನ್ನು ಹೋಲಿಕೆಗೆಂದು ಹಾಗೇ ಬಿಟ್ಟ. ಉಳಿದ ಐವತ್ತಾರಕ್ಕೆ ಬೆನ್ನ ಮೇಲಿನ ಹದಿನಾರು ಲೀಟರಿನ ಸ್ಪ್ರೇಯರನ್ನು ಒಂದು ಸುತ್ತಿಗೆ ಇಪ್ಪತ್ತೈದು ಸಲ ತುಂಬಬೇಕು. ತುಂಬಿದ. ಸಾರ ಮರದೊಳಗೆ ಹೋಗಿ ನಿಜಕ್ಕೂ ಏನು ಮಾಡುತ್ತದೆಂದು ಪತ್ರಿಕೆ ಬರೆದವರಿಗೂ ಖಚಿತವಿರಲಿಲ್ಲ. ಆದರೆ ಮಾಡಿತು.

ಎರಡು ವರ್ಷದ ಫಸಲಿನ ವ್ಯತ್ಯಾಸವನ್ನು ಅವೆರಡರ ಮೊತ್ತದಿಂದ ಭಾಗಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ. ಒಂದರ ಹತ್ತಿರವಿದ್ದರೆ ಮರದ್ದು ಹುಚ್ಚಾಟ, ಸೊನ್ನೆಯ ಹತ್ತಿರವಿದ್ದರೆ ಸಮಾಧಾನ. ಮೊದಲು ೬೧೦ ಕಿಲೋ, ೩,೪೨೦ ಕಿಲೋ: ಸೂಚ್ಯಂಕ ೦.೭೦. ಸಿಂಪಡಿಸಿದ ಮೂರು, ನಾಲ್ಕನೆಯ ವರ್ಷಗಳಲ್ಲಿ ೧,೭೨೦, ೧,೯೧೦: ಸೂಚ್ಯಂಕ ೦.೦೫. ಪ್ರಯೋಗಾಲಯದಲ್ಲಿದ್ದಿದ್ದರೆ ಎಲ್ಲರಿಗೂ ಚಹಾ ತರಿಸುವಂಥ ಅಂಕಿ.

ಅವನು ಆ ಮೂರನೆಯ ವರ್ಷ ತಮ್ಮನಿಗೆ ಫೋನು ಮಾಡಿ, ಇದ್ದದ್ದನ್ನು ಇದ್ದಂತೆ, "ಸಾವಿರದ ಏಳುನೂರ ಇಪ್ಪತ್ತು" ಎಂದಿದ್ದ.

ತಮ್ಮ ಗೋದಾಮಿನ ಮನುಷ್ಯ, ಬಾಯಲ್ಲೇ ಲೆಕ್ಕ ಹಾಕಿದ್ದ. "ಇಬ್ಬರು ಕೊಯ್ಯೋರು, ಐದು ದಿನ. ಇಷ್ಟಕ್ಕೆ ನಾವೆಲ್ಲ ರಜಾ ಹಾಕೋದು ಯಾಕಣ್ಣ? ಆರಾಮಾಯ್ತು ನಿಂಗೆ!"

ಮರುವರ್ಷವೂ ಅದೇ ಮಾತು. ಜನ ಬರುತ್ತಿದ್ದದ್ದು ಕಾಯಿಗಲ್ಲ, ಕೈಮೀರಿದ ಕಾಯಿಗೆ. ಈ ಸಣ್ಣ ವಿಷಯ ಊಹೆಯಲ್ಲಿ ಬಿಟ್ಟುಹೋಗಿತ್ತು. ಒಂದು ಸಂಜೆ ಅವನು ಸುಮ್ಮನೆ, ಮನೆಗೆ ಬಂದವರ ಸೂಚ್ಯಂಕವನ್ನೂ ಹಾಕಿ ನೋಡಿದ. ಮೊದಲು ಒಂದು ವರ್ಷ ನಾಲ್ವರು, ಮುಂದಿನ ವರ್ಷ ಯಾರೂ ಇಲ್ಲ: ಸೂಚ್ಯಂಕ ಒಂದು. ಈಗ ಎರಡು ವರ್ಷವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವಂತಿಲ್ಲ. ಪೆನ್ಸಿಲ್ಲು ಕೆಳಗಿಟ್ಟ. ಆ ವರ್ಷ ಕೂಲಿಗೆ ಬಂದ ಇಬ್ಬರು ತಮ್ಮ ಪಾಡಿಗೆ ಕೊಯ್ದು, ತಮ್ಮ ಬುತ್ತಿ ತಾವೇ ಉಂಡು, ಐದು ಗಂಟೆಗೆ ಸರಿಯಾಗಿ ಹೊರಟುಬಿಡುತ್ತಿದ್ದರು. ಅವರು ಹೋದ ಮೇಲೆ ರೆಫ್ರಿಜರೇಟರಿನ ಗೊರಗೊರ ಒಂದೇ ಆ ಮನೆಯ ಮಾತು.

ಹೀಗೆ ಮೂರು ಸಾವಿರದ ನಾನೂರು ಕಿಲೋ ಬಾಯಿಗೆ ಬಂತು.

ಶುಕ್ರವಾರ ಸಂಜೆ ಅವರು ಬಂದಿಳಿದರು: ತಮ್ಮ, ತಮ್ಮನ ಹೆಂಡತಿ, ಆಸ್ಪತ್ರೆಯಲ್ಲಿ ನರ್ಸಾಗಿರುವ ಮಗಳು, ಲಿಫ್ಟು ರಿಪೇರಿ ಮಾಡುವ ಅಳಿಯ. ಹಿಂದೆ ಒಂದು ಸಣ್ಣ ಲಾರಿಯಲ್ಲಿ ನೂರ ಎಪ್ಪತ್ತು ಕ್ರೇಟು.

"ಏನ್ ಭಾವ," ಎಂದಳು ತಮ್ಮನ ಹೆಂಡತಿ, ಚಪ್ಪಲಿ ಬಿಡುವ ಮೊದಲೇ ಅಡುಗೆಕೋಣೆಗೆ ಇಣುಕಿ. "ಒಂದೇ ಲೋಟ, ಒಂದೇ ತಟ್ಟೆ, ಒಂದೇ ಚಮಚ. ಪಾತ್ರೆಗಳಿಗೂ ಸಮುದ್ರದ ಕಷಾಯ ಹೊಡೆದು ಒಂದೇ ಸಮ ಮಾಡ್ಬಿಟ್ರಾ?"

"ಉಳಿದದ್ದು ಅಟ್ಟದ ಮೇಲಿದೆ," ಎಂದ ಅವನು. ಮೂರು ದಿನದ ಹಿಂದೆಯೇ ಇಳಿಸಿ, ತೊಳೆದು, ಒರೆಸಿ, ಮತ್ತೆ ಅಟ್ಟಕ್ಕೇ ಇಟ್ಟಿದ್ದ, ಕಾಯುತ್ತಿದ್ದೆ ಎಂದು ಕಾಣಬಾರದಲ್ಲ.

ಶನಿವಾರ ಬೆಳಗಾಗುತ್ತಲೇ ಕೊಯ್ಲು. ತೋಟದಲ್ಲಿ ಒಂದೇ ಸಮನೆ ಕತ್ತರಿಗಳ ಕಚಕಚ.

"ಎಳೀಬೇಡಪ್ಪ," ಎಂದು ಅಳಿಯನಿಗೆ ತೋರಿಸಿಕೊಟ್ಟ. "ತೊಟ್ಟು ಸಮೇತ ಕತ್ತರಿಸು. ಎಳೆದ್ರೆ ಸಿಪ್ಪೆ ಕಿತ್ತು ಬರುತ್ತೆ, ಎರಡೇ ದಿನಕ್ಕೆ ಕೊಳೆಯುತ್ತೆ."

"ಅವರು ಏಣಿ ಹತ್ತಲ್ಲ ದೊಡ್ಡಪ್ಪ," ಎಂದಳು ಮಗಳು. "ಹದಿನೆಂಟನೇ ಮಹಡೀಲಿ ಲಿಫ್ಟಿನ ಮೇಲೆ ನಿಂತ್ಕೊಂಡು ಊಟ ಮಾಡ್ತಾರೆ. ಆರಡಿ ಏಣಿ ಕಂಡ್ರೆ ಕಾಲು ನಡುಗುತ್ತೆ."

"ಲಿಫ್ಟಿಗೆ ಬ್ರೇಕ್ ಇರುತ್ತೆ ಕಣೇ," ಎಂದ ಅಳಿಯ ನೆಲದ ಮೇಲಿಂದಲೇ. "ಏಣಿಗೆ ನಿನ್ನನ್ನ ಇಟ್ಟಿದಾರೆ, ಹಿಡ್ಕೊಳ್ಳೋಕೆ. ಅದೇ ಭಯ."

ತಮ್ಮ ಬಿದ್ದು ಬಿದ್ದು ನಕ್ಕ. ದಶಮಾಂಶ ಮರದ ಇನ್ನೊಂದು ಬದಿಯಲ್ಲಿ, ಎಲೆಗಳ ಹಿಂದೆ ನಿಂತು, ತಾನು ನಗುವುದನ್ನೂ ಮರೆತು ಕೇಳಿಸಿಕೊಂಡ. ಸಂಜೆ ಶೆಡ್ಡಿನಲ್ಲಿ ಐದು ಜನರ ಚಹಾ, ಐದು ಜನರ ಬೆವರು, ಯಾರದೋ ಮೊಣಕಾಲಿಗೆ ಯಾರೋ ಉಜ್ಜುವ ಮುಲಾಮಿನ ಘಾಟು. ಭಾನುವಾರ ಅವನು ಬೇಕೆಂದೇ ನಿಧಾನ ಮಾಡಿದ. ಕತ್ತರಿ ಮೊಂಡಾಗಿದೆ ಎಂದು ಅರ್ಧ ಗಂಟೆ ಸಾಣೆ ಹಿಡಿದ. ತೂಕದ ಯಂತ್ರ ಸರಿಯಿದೆಯೋ ನೋಡುತ್ತೇನೆಂದು ಇಪ್ಪತ್ತು ನಿಮಿಷ ಕಳೆದ. ಆದರೆ ಅವರು ಮೂರು ಸಾವಿರದ ನಾನೂರನ್ನು ಮುಗಿಸಬೇಕೆಂದು ಬಂದವರು; ಹೊಟ್ಟೆಗೆ ಬಿದ್ದದ್ದೇ ಎದ್ದು ನಿಲ್ಲುತ್ತಿದ್ದರು. ಅವರ ಆ ಹುರುಪೇ ಅವನಿಗೆ ಶತ್ರುವಾಯಿತು.

ಸೋಮವಾರ ಮಧ್ಯಾಹ್ನ ಹನ್ನೆರಡೂವರೆಗೆ ಕೊನೆಯ ಸಾಲು ಮುಗಿಯಿತು. ಹೋಲಿಕೆಗೆ ಬಿಟ್ಟಿದ್ದ ಎಂಟು ಮರಗಳಲ್ಲಿ ಈ ವರ್ಷ ಕೈಬೆರಳಿನಲ್ಲಿ ಎಣಿಸುವಷ್ಟು ಕಾಯಿ. ತಮ್ಮ ಅವುಗಳ ಸುತ್ತ ಒಂದು ಸುತ್ತು ಹಾಕಿ, ತಲೆಯೆತ್ತಿ ನೋಡಿ, ಶೆಡ್ಡಿಗೆ ಬಂದ. ತೊಂಬತ್ತೊಂದು ಕ್ರೇಟು ತುಂಬಿದ್ದವು. ತೊಂಬತ್ತೆರಡನೆಯದರ ತಳದಲ್ಲಿ ಒಂದಿಷ್ಟು. ಉಳಿದ ಎಪ್ಪತ್ತೆಂಟು ಕ್ರೇಟುಗಳು ಗೋಡೆಗೊರಗಿ, ಒಂದರೊಳಗೊಂದು ಕೂತಿದ್ದವು.

ಬೈದಿದ್ದರೆ ಚೆನ್ನಾಗಿತ್ತು. ತಮ್ಮ ಬೈಯಲಿಲ್ಲ. ಪಕ್ಕದಲ್ಲಿ ಬಂದು ಕೂತು, ಚಿಕ್ಕ ಮಗುವನ್ನು ಕೇಳುವ ದನಿಯಲ್ಲಿ ಕೇಳಿದ, "ಅಣ್ಣಾ, ಹೇಗೆ ಎಣಿಸ್ದೆ?"

"ಯಾವಾಗ್ಲೂ ಎಣಿಸೋ ಹಾಗೆ."

"ಆ ಚೌಕಟ್ಟು ಹಿಡಿದು?"

"ಹೂಂ."

"ಒಂದೇ ಮರಾನ ಎರಡು ಸಲ ಎಣಿಸಿಬಿಟ್ಟೆ ಅನ್ಸುತ್ತಾ? ನೆನಪಿಸ್ಕೋ."

"ಬಿಡ್ರೀ," ಎಂದಳು ತಮ್ಮನ ಹೆಂಡತಿ. "ಜನ್ಮದಲ್ಲಿ ಒಂದು ಸಲ ತಪ್ಪಾಗಿದೆ. ಭಾವನಿಗೆ ತಪ್ಪು ಮಾಡೋಕೂ ಹಕ್ಕಿಲ್ವಾ?"

"ನಿಂಗೊತ್ತಿಲ್ಲ, ಸುಮ್ನಿರು. ಇವನು ತಪ್ಪೋ ಮನುಷ್ಯ ಅಲ್ಲ. ನಾನು ಹುಟ್ಟಿದ ದಿನ ಎಷ್ಟು ತೂಕ ಇದ್ದೆ ಅಂತ ಇವತ್ತಿಗೂ ಗ್ರಾಮಲ್ಲಿ ಹೇಳ್ತಾನೆ. ಅಂಥವನು ಡಬಲ್ ಹೇಳ್ತಾನೆ ಅಂದ್ರೆ..." ತಮ್ಮ ಮಾತು ನುಂಗಿ ಮಗಳ ಕಡೆ ನೋಡಿದ.

ಅಣ್ಣ ಸುಳ್ಳು ಹೇಳಿರಬಹುದೆಂದು ಆ ನಾಲ್ವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರಿಗೆ ಹೊಳೆಯಬಹುದಾಗಿದ್ದದ್ದು ಒಂದೇ: ಅಣ್ಣನ ತಲೆಯೊಳಗಿನ ತಕ್ಕಡಿ ಕೆಟ್ಟಿದೆ.

ಮಗಳು ಅವನೆದುರು ಸ್ಟೂಲು ಎಳೆದುಕೊಂಡು ಕೂತಳು. "ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ವಾರ್ಡಲ್ಲಿ ಎಲ್ಲರಿಗೂ ಕೇಳ್ತೀವಿ. ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಕುರ್ಚಿ, ನದಿ, ಬೀಗ."

ಅವನಿಗೆ ಮೇಜಿನ ಮೇಲಿನ ನೋಟುಬುಕ್ಕು ನೆನಪಾಯಿತು. ಎದ್ದು ಹೋಗಿ ತಂದು ಆ ಪುಟ ತೋರಿಸಿದರೆ ಸಾಕು. ಅಂದಾಜು ೧,೮೪೦; ಕೊಯ್ದದ್ದು ೧,೮೨೬. ಹದಿನಾಲ್ಕು ಕಿಲೋ ವ್ಯತ್ಯಾಸ, ನೂರಕ್ಕೆ ಒಂದೂ ಇಲ್ಲ. ಬುದ್ಧಿ ನೆಟ್ಟಗಿದೆ ಎಂದು ಅಲ್ಲೇ ತೀರ್ಮಾನವಾಗುತ್ತಿತ್ತು. ಆದರೆ ಆಮೇಲೆ, ಹಾಗಾದರೆ ಮೂರು ಸಾವಿರದ ನಾನೂರು ಅಂದದ್ದೇಕೆ, ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಅವನ ಬಾಯಲ್ಲಿ ಎಂದೂ ಬಂದಿಲ್ಲದ, ಅವನ ಅಪ್ಪನ ಬಾಯಲ್ಲೂ ಬಂದಿಲ್ಲದ ಮಾತು.

"ಕುರ್ಚಿ, ನದಿ, ಬೀಗ," ಎಂದ.

"ನೋಡಿ, ಸರಿಯಾಗೇ ಇದೆ," ಎಂದಳು ತಮ್ಮನ ಹೆಂಡತಿ. ಸರಿಯಾಗಿದ್ದರೂ ಯಾರ ಮುಖವೂ ಸಡಿಲವಾಗಲಿಲ್ಲ.

ಕೆಲಸ ಮುಗಿದ ಮೇಲೆ ನಿಲ್ಲುವ ರೂಢಿ ಆ ಮನೆಯಲ್ಲಿರಲಿಲ್ಲ. ಮಂಗಳವಾರ ಬೆಳಿಗ್ಗೆಯೇ ಹೊರಟರು, ರಜೆ ಇನ್ನೂ ಬಾಕಿಯಿರುವಾಗಲೇ. ಖಾಲಿ ಕ್ರೇಟುಗಳನ್ನು ಲಾರಿಗೆ ಹಾಕುತ್ತ ತಮ್ಮ ಹೇಳಿದ, "ಮುಂದಿನ ವರ್ಷ ಅಂದಾಜು ನೀನು ಮಾಡ್ಬೇಡ. ಗುತ್ತಿಗೆಯೋನನ್ನ ಕಳಿಸ್ತೀನಿ, ಅವನು ಕಣ್ಣಳತೇಲೇ ಹೇಳ್ತಾನೆ. ನೀನು ಆರಾಮಾಗಿರು. ಮಗಳು ದಿನಾ ಸಂಜೆ ಫೋನ್ ಮಾಡ್ತಾಳೆ. ಇನ್ನೊಂದು ಸಲ ಏನಾದ್ರೂ ಹೀಗೆ ತಪ್ಪಿತು ಅಂದ್ರೆ ತೋಟ ಅವನಿಗೇ ವಹಿಸಿಬಿಡೋಣ, ಆಯ್ತಾ? ಸ್ಪ್ರೇಯರ್ ಬೆನ್ನಿಗೆ ಹಾಕ್ಕೊಂಡು ಎಲ್ಲಾದ್ರೂ ಬಿದ್ರೆ ಏನು ಗತಿ?"

"ಅವನು ಸಾರ ಸಿಂಪಡಿಸಲ್ಲ," ಎಂದ ದಶಮಾಂಶ. "ಎರಡು ವರ್ಷಕ್ಕೆ ಮರ ಮತ್ತೆ ಮೊದಲಿನ ಹಾಗೆ ಆಗುತ್ತೆ."

"ಆಗ್ಲಿ ಬಿಡಣ್ಣ. ಮರ ತಾನೆ."

ಬುಧವಾರ ಸಂಜೆ ಏಳಕ್ಕೆ ಫೋನು ಬಂತು. ಮಗಳು ಕೇಳುವುದು ಐದು ಪ್ರಶ್ನೆ: ಇವತ್ತು ಯಾವ ವಾರ, ಯಾವ ತಾರೀಖು, ಬೆಳಿಗ್ಗೆ ಏನು ತಿಂದಿರಿ, ಮೂರು ಪದ ನೆನಪಿಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ. ಅವನು ಟಪಟಪನೆ ಹೇಳಿದ. ಮೂರು ನಿಮಿಷ ಐದು ಸೆಕೆಂಡಿಗೆ ಮುಗಿಯಿತು. ಫೋನಿನ ಪರದೆಯೇ ತೋರಿಸುತ್ತಿತ್ತು.

ಗುರುವಾರ ಆರು ಮುಕ್ಕಾಲಿಗೇ ಕುರ್ಚಿ ಎಳೆದುಕೊಂಡು ಕೂತ. ಶುಕ್ರವಾರ ಆರೂವರೆಗೆ. ಪ್ರಶ್ನೆಗಳ ನಡುವೆ ಅವಳು ಒಂದೊಂದು ಮಾತು ಉದುರಿಸುತ್ತಿದ್ದಳು: ವಾರ್ಡಿನಲ್ಲಿ ಹಲ್ಲುಸೆಟ್ಟು ಕಳೆದುಕೊಂಡ ಅಜ್ಜ, ಬಸ್ಸು ತಪ್ಪಿದ್ದು, ಅಳಿಯನ ಗೊರಕೆ. ಆ ಮಾತುಗಳಿಗಾಗಿ ಉತ್ತರಗಳನ್ನು ಸ್ವಲ್ಪ ತಡೆದು ಹೇಳಿ ನೋಡಿದ; ಮೂರು ನಿಮಿಷ ಮೂರೂವರೆಯಾಯಿತು, ಅದಕ್ಕಿಂತ ಬೆಳೆಯಲಿಲ್ಲ. ಸರಿಯಾದ ಉತ್ತರಕ್ಕೆ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಗಲೆಲ್ಲ ಅವನು ಕೊಯ್ಲಿನ ನಂತರದ ಸಿಂಪಡಣೆ ಮಾಡಿದ. ಬೆನ್ನ ಮೇಲೆ ಹದಿನಾರು ಲೀಟರು, ಎಲೆಗಳಿಂದ ತೊಟ್ಟಿಕ್ಕುವ ಕಂದು ನೀರು, ಮೈಯೆಲ್ಲ ಕಡಲಿನ ವಾಸನೆ. ಒಂದೂ ಮರ ತಪ್ಪಲಿಲ್ಲ, ಒಂದು ಮರಕ್ಕೂ ಹೆಚ್ಚು ಬೀಳಲಿಲ್ಲ.

ಡಿಸೆಂಬರ್ ೬ರ ಗುರುವಾರ ಅವಳ ದನಿ ಗೆಲುವಾಗಿತ್ತು.

"ದೊಡ್ಡಪ್ಪ, ಹದಿನೈದು ದಿನ ಆಯ್ತು, ಒಂದೂ ತಪ್ಪಿಲ್ಲ. ನಮ್ಮ ಡಾಕ್ಟರಿಗೂ ಹೇಳ್ದೆ. ನಿಮ್ಮ ದೊಡ್ಡಪ್ಪನಿಗಿಂತ ನನ್ನ ತಲೆ ಕೆಟ್ಟಿದೆ ಅಂದ್ರು. ಇವತ್ತೂ ಸರಿ ಹೋದ್ರೆ ಅಪ್ಪನಿಗೆ ಹೇಳಿಬಿಡ್ತೀನಿ, ಅದೇನೋ ಆ ದಿನದ ಎಡವಟ್ಟು ಅಂತ. ದಿನಾ ಫೋನ್ ಮಾಡಿ ನಿಮ್ಮ ಪ್ರಾಣ ತಿನ್ನಲ್ಲ. ಏನಾದ್ರೂ ಬೇಕಾದ್ರೆ ನೀವೇ ಮಾಡಿ, ಆಯ್ತಾ?"

"ಆಯ್ತು," ಎಂದ.

ವಾರ ಹೇಳಿದ. ತಾರೀಖು ಹೇಳಿದ. ಬೆಳಿಗ್ಗೆ ಎರಡು ಬ್ರೆಡ್ಡು, ಒಂದು ಮೊಟ್ಟೆ. ಪದಗಳು: ದೀಪ, ಕತ್ತೆ, ಕಿಟಕಿ.

"ಇನ್ನು ನೂರರಿಂದ ಏಳು ಕಳೀರಿ."

"ತೊಂಬತ್ತಮೂರು," ಎಂದ.

ಕಿಟಕಿಯಾಚೆ ಮರಗಳು ಕಪ್ಪಾಗಿ, ಸಾಲಾಗಿ, ಒಂದೇ ಎತ್ತರಕ್ಕೆ ನಿಂತಿದ್ದವು. ಗುತ್ತಿಗೆಯವನು ಬಂದರೆ ಈ ಕ್ಯಾನನ್ನು ಮೊದಲು ಹೊರಗೆಸೆಯುತ್ತಾನೆ. ಚೌಕಟ್ಟನ್ನು ಒಲೆಗೆ ಹಾಕುತ್ತಾನೆ. ಐದು ವರ್ಷದ ಅಂಕಿಗಳ ಮುಂದೆ ಆರನೆಯದು ಇರುವುದಿಲ್ಲ.

"ಎಂಬತ್ತಾರು."

"ಹೂಂ."

ಮುಂದಿನದು ಎಪ್ಪತ್ತೊಂಬತ್ತು. ಅದು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಅದನ್ನು ಒಳಗೇ ಹಿಡಿದುಕೊಂಡ. ಫೋನಿನಲ್ಲಿ ಅವಳ ಉಸಿರು, ಅವಳ ಹಿಂದೆ ಯಾರೋ ಪಾತ್ರೆ ಇಡುವ ಸದ್ದು, ಅಳಿಯನ ಕೆಮ್ಮು.

"ಎಪ್ಪತ್ತೆಂಟು," ಎಂದ.

ಅವಳು ಬಹಳ ಮೆಲ್ಲಗೆ, "ಇನ್ನೊಂದು ಸಲ ಹೇಳ್ತೀರಾ ದೊಡ್ಡಪ್ಪ?"

"ಎಪ್ಪತ್ತೆಂಟು ಅಲ್ವೇನಮ್ಮ?"

"ಒಂದು ನಿಮಿಷ ಇರಿ. ಇಡಬೇಡಿ." ಅವಳು ಬಾಗಿಲು ಹಾಕಿಕೊಂಡು ಬೇರೆ ಕೋಣೆಗೆ ಹೋದದ್ದು ಕೇಳಿಸಿತು. "ಏನಿಲ್ಲ, ಪರವಾಗಿಲ್ಲ. ಸುಸ್ತಾದಾಗ ಎಲ್ಲರಿಗೂ ಹಾಗೆ ಆಗುತ್ತೆ. ಕೂತಿದೀರಾ, ನಿಂತಿದೀರಾ? ಕೂತ್ಕೊಳ್ಳಿ. ಮನೇಲಿ ಲೈಟ್ ಹಾಕಿದೀರಾ? ಮಧ್ಯಾಹ್ನ ಏನ್ ಮಾಡಿದ್ರಿ, ಮೊದಲಿಂದ ಹೇಳಿ ನೋಡೋಣ, ನಂಗೇನೂ ಅವಸರ ಇಲ್ಲ."

ಅವನು ಮೊದಲಿನಿಂದ ಹೇಳಿದ. ಅವಳು ಕೇಳಿದಳು. ನಡುವೆ ಒಮ್ಮೆ, ತಾನು ಆರು ವರ್ಷದವಳಿದ್ದಾಗ ಏಣಿಯ ಮೇಲಿಂದ ಅವನ ಹೆಗಲ ಮೇಲೆ ಬಿದ್ದದ್ದು ನೆನಪಿದೆಯಾ ಎಂದು ಕೇಳಿದಳು. ನೆನಪಿಲ್ಲ, ನೀನೇ ಹೇಳು ಎಂದ. ಅವಳು ಹೇಳಿದಳು, ಮೂಗೊರೆಸಿಕೊಳ್ಳುತ್ತ, ಎಲ್ಲವನ್ನೂ, ಯಾವ ಮರ, ಯಾವ ಬಣ್ಣದ ಫ್ರಾಕು. ಮರ ಬೇರೆಯದಾಗಿತ್ತು, ಅವನು ತಿದ್ದಲಿಲ್ಲ. ನಾಳೆ ಬೆಳಿಗ್ಗೆ ಅಪ್ಪನಿಗೆ ಹೇಳುತ್ತೇನೆ, ಹೇಳಲೇಬೇಕು, ನಾಳೆ ಸಂಜೆ ಮತ್ತೆ ಮಾಡುತ್ತೇನೆ ಎಂದು ಎರಡೆರಡು ಸಲ ಹೇಳಿ ಫೋನಿಟ್ಟಳು.

ಕರೆಯ ಅವಧಿ ೨೭ ನಿಮಿಷ ೪೦ ಸೆಕೆಂಡು.